ಬೆಟ್ಟ ಹಳ್ಳವಾದ ಚಿತ್ರ

ಲಿಟಲ್ಟನ್, ಆಗಸ್ಟ್ ೧೧, ೧೮೭೪, ಮಂಗಳವಾರ

ತಪ್ಪು ನನ್ನದೇ. ಒಂದೊಂದು ಕಣ್ಣಿಗೆ ಒಂದೊಂದು ಫೋಟೊ ಇರುವ ಜೋಡಿಚಿತ್ರವನ್ನು ರಟ್ಟಿಗೆ ಅಂಟಿಸುವಾಗ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಬದಲಿಸಬೇಕಿತ್ತು, ಮರೆತೆ. ಜೋಡಿ ಮಸೂರದಲ್ಲಿ ನೋಡಿದರೆ ಉಬ್ಬಬೇಕಾದದ್ದೆಲ್ಲ ತಗ್ಗಾಗಿದೆ. ಬೆಟ್ಟ ಹಳ್ಳವಾಗಿ, ಹತ್ತಬೇಕಾದ ರೈಲು ಅದರೊಳಗೆ ಬಿದ್ದಿದೆ.

ನನ್ನ ಗಂಡ ಅಸಾಹೆಲ್ ತಲೆಯ ಮೇಲೆ ಕೈ ಹೊತ್ತು ಕೂತರು. "ಹೋಟೆಲಿನ ಟಿಲ್ಟನ್ ಸಾಹೇಬ್ರು ಉಗೀತಾರೆ ಕಣೇ!"

ಅಷ್ಟರಲ್ಲಿ ಅವರೇ ಬಂದರು. ಎಂಜಿನ್ ಮುಂದೆ ಎದೆಯುಬ್ಬಿಸಿ ನಿಂತು ಚಿತ್ರ ತೆಗೆಸಿಕೊಂಡವರು ಅವರೇ. ಜೋಡಿ ಮಸೂರ ಕಣ್ಣಿಗೆ ಹಿಡಿದು ನೋಡಿದರು.

"ನನ್ನ ಹೊಟ್ಟೆ ಎಲ್ಲಮ್ಮಾ?"

"ಒಳಗೆ ಹೋಗಿದೆ, ಸ್ವಾಮಿ."

"ಮೂವತ್ತು ವರ್ಷದಿಂದ ನನ್ ಹೆಂಡ್ತಿ ಕರಗಿಸಿ ಕರಗಿಸಿ ಅಂತಿದ್ಲು. ಬೆಟ್ಟ ಹಾಳಾಗ್ಲಿ, ಪ್ರವಾಸಿಗಳಿಗೆ ಇದನ್ನೇ ಮಾರ್ತೀನಿ. ಇಪ್ಪತ್ತು ಡಜನ್ ಮಾಡಿಕೊಡಿ!"

ನಾಳೆ ಇನ್ನೂರ ನಲವತ್ತು ಸಲ ಇದೇ ತಪ್ಪು ಮಾಡಬೇಕು. ಅಪ್ಪಿತಪ್ಪಿ ಒಂದು ಸರಿಯಾಗಿಬಿಟ್ಟರೂ ಅವರ ಹೊಟ್ಟೆ ಮತ್ತೆ ಹೊರಗೆ.