ಸೋಮವಾರದ ಗಂಟನ್ನು ನಾಳೆ ಕಳಿಸಬೇಡಿ

ಆಸ್ಪತ್ರೆ ದಾಖಲೆಗಳ ನಿರ್ದೇಶಕರಿಗೆ ಒಬ್ಬ ರೋಗಿಯ ತಮ್ಮನ ಬಹಿರಂಗ ಪತ್ರ

ವಾರಕ್ಕೊಂದು ಗಂಟು ಕಳಿಸಿ ನೆಮ್ಮದಿಯಾಗಿರುವ ಮಾನ್ಯರೇ,

ನಿಮ್ಮ ಕಚೇರಿ ಕಲಿಸಿದ ಒಂದು ಅಭ್ಯಾಸದಿಂದ ನನ್ನ ಅಕ್ಕನ ಎದೆಯ ಹಳೆಯ ಸ್ಕ್ಯಾನ್ ಅಳಿಸಿಹೋಗಿದೆ. ಈಗ ಅದರ ಒಂದೇ ಒಂದು ಪ್ರತಿ, ಅದನ್ನು ಮೊದಲು ತೆಗೆದಿದ್ದ, ಊರಿನ ಆಚೆ ತುದಿಯ ಹಳೇ ಆಸ್ಪತ್ರೆಯಲ್ಲಿ ಉಳಿದಿದೆ. ನಾಳೆ ಸೋಮವಾರ. ಅದೂ ಹೋದೀತೆಂಬ ಭಯದಲ್ಲಿ, ನಿಮ್ಮ ಕಚೇರಿಯ ಫೋನನ್ನು ಯಾರೂ ಎತ್ತದ ಕಾರಣ, ಊರೆಲ್ಲ ಓದಲಿ ಎಂದು ಪತ್ರಿಕೆಗೇ ಬರೆಯುತ್ತಿದ್ದೇನೆ.

ಗಂಟು ಎಂದರೇನೆಂದು ಓದುಗರಿಗೆ ಹೇಳಿಬಿಡುತ್ತೇನೆ. ನಿಮಗೆ ಗೊತ್ತಿರಬಹುದು, ಗೊತ್ತಿದೆ ಎಂದು ನಂಬಿಕೊಂಡೇ ನಾವು ಆಸ್ಪತ್ರೆಗೆ ಹೋಗುತ್ತಿದ್ದೇವೆ. ಹತ್ತಾರು ಕಡತಗಳನ್ನು ಒತ್ತಿ ಒಂದೇ ಕಡತ ಮಾಡಿ ಕಳಿಸುತ್ತಾರಲ್ಲ, ಜನ ಜಿಪ್ ಅನ್ನುವುದು, ಅದಕ್ಕೇ ಸ್ಕ್ಯಾನ್ ಕೋಣೆಯವರು ಗಂಟು ಅನ್ನುತ್ತಾರೆ. ನಿಮ್ಮ ಗಂಟಿನ ಜೊತೆ ಒಂದು ಶೆಲ್ ಸ್ಕ್ರಿಪ್ಟ್ ಬರುತ್ತದೆ, ಅಂದರೆ ಕಂಪ್ಯೂಟರಿಗೆ ಸಾಲುಸಾಲಾಗಿ ಬರೆದಿಟ್ಟ ಆದೇಶಗಳು. ಅದನ್ನು ಓಡಿಸಿದರೆ ಗಂಟು ತಾನಾಗಿಯೇ ಬಿಚ್ಚಿಕೊಂಡು, ಒಳಗಿದ್ದದ್ದು ಹೋಗಿ ತನ್ನ ಜಾಗದಲ್ಲಿ ಕೂರುತ್ತದೆ. ಎಂಥ ಸುಖ! ಆದರೆ ಆ ಆದೇಶಗಳು ಏನೆಂದು ಯಾರೂ ಓದಕೂಡದು. ‘ತೆರೆಯದೆ ನೇರವಾಗಿ ಓಡಿಸತಕ್ಕದ್ದು’ ಎಂದು ನಿಮ್ಮದೇ ಸುತ್ತೋಲೆ. ಅದಕ್ಕೆ ಬೇಕಾದ ಪಾಸ್‌ವರ್ಡನ್ನು, ಇಡೀ ಯಂತ್ರವನ್ನೇ ಆಳಬಲ್ಲ ಪಾಸ್‌ವರ್ಡನ್ನು, ಸ್ಕ್ಯಾನ್ ಕೋಣೆಯ ಗೋಡೆಯ ಮೇಲೆ ಅಂಟಿಸಿದ್ದಾರೆ. ಬಾಗಿಲಿಗೆ ಬಂದ ಗಂಟಿನ ಕೈಗೇ ಬೀಗದಕೈ ಗೊಂಚಲು ಕೊಟ್ಟು, ‘ನೀನೇ ಬಿಚ್ಕೊಂಡು ಒಳಗೆ ಹೋಗಪ್ಪಾ’ ಎನ್ನುವ ಮನೆಯೊಡೆಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನಂತೂ ನಿಮ್ಮ ಇಲಾಖೆಯಲ್ಲೇ ಮೊದಲು ಕಂಡದ್ದು.

ಸಾಲದ್ದಕ್ಕೆ ಪೈಪೋಟಿ ಬೇರೆ. ಬೇಗ ಓಡಿಸಿದ ಆಸ್ಪತ್ರೆಗೆ ನಿಮ್ಮ ಪರದೆಯಲ್ಲಿ ಹಸಿರು ಚುಕ್ಕೆ, ತಡ ಮಾಡಿದವರಿಗೆ ಕೆಂಪು ಚುಕ್ಕೆ, ಕಾರಣ ಕೇಳಿ ನೋಟಿಸು. ಹಾಗಾಗಿ ಸೋಮವಾರ ಬೆಳಿಗ್ಗೆ ಸ್ಕ್ಯಾನ್ ಕೋಣೆಯವರು ಹೆಗಲ ಮೇಲಿನ ಚೀಲ ಇಳಿಸುವ ಮುಂಚೆಯೇ ಗಂಟು ಓಡಿಸುತ್ತಾರೆ. ಕಳೆದ ತಿಂಗಳು ಒಂದು ಸೋಮವಾರ ನಮ್ಮ ಆಸ್ಪತ್ರೆಗೆ ಎರಡು ಗಂಟು ಬಂದವು. ಎರಡಕ್ಕೂ ನಿಮ್ಮದೇ ಕಚೇರಿಯ ಹೆಸರು, ಅದೇ ಒಕ್ಕಣೆ. ಅಲ್ಲಿನ ಸ್ಕ್ಯಾನ್ ಕೋಣೆಯ ಹೆಣ್ಣುಮಗಳು ಎರಡನ್ನೂ ಓಡಿಸಿದಳು. ಎರಡನೆಯದು ಯಾವ ಗಂಟನ್ನೂ ಬಿಚ್ಚಲಿಲ್ಲ. ಚಿತ್ರಗಳನ್ನು ಅಳಿಸುತ್ತ ಹೋಯಿತು. ಕಾಪಿ ಇಟ್ಟಿದ್ದ ಡಿಸ್ಕೂ ಅದೇ ಯಂತ್ರಕ್ಕೆ ಸಿಕ್ಕಿಸಿದ್ದರಿಂದ ಅದನ್ನೂ ಗುಡಿಸಿ ಹಾಕಿತು. ಮರುದಿನ ನಿಮ್ಮಿಂದ ಪ್ರಶಂಸಾಪತ್ರ ಬಂತು: ‘ಅತಿ ಶೀಘ್ರವಾಗಿ ಸ್ಪಂದಿಸಿದ ಆಸ್ಪತ್ರೆ’. ಖಾಲಿ ಪರದೆಯ ಪಕ್ಕದಲ್ಲೇ ಅದನ್ನು ಅಂಟಿಸಿಟ್ಟಿದ್ದಾರೆ, ಹೋಗಿ ನೋಡಿ ಬನ್ನಿ.

ಆಸ್ಪತ್ರೆಯವರು ಕೇಳಿದರೆ ‘ಎರಡನೆಯದು ನಮ್ಮದಲ್ಲ’ ಎಂದಿರಿ. ಸರಿ, ಮತ್ತೆ ಯಾರದು ಸ್ವಾಮೀ? ಒಂದೇ ಆಸ್ಪತ್ರೆಗೆ ಯಾಕೆ ಬಂತು? ಯಾರೋ ಒಬ್ಬ, ಈ ಜನ ಕಣ್ಣುಮುಚ್ಚಿ ಓಡಿಸುತ್ತಾರೋ ಇಲ್ಲವೋ ಎಂದು ಒಂದು ಕಡೆ ಪರೀಕ್ಷೆ ಮಾಡಿ ನೋಡಿದ ಹಾಗಿದೆ. ಉತ್ತರ ಅವನಿಗೆ ಸಿಕ್ಕಿದೆ. ಆಮೇಲೂ ನೀವು ಸುತ್ತೋಲೆ ಬದಲಿಸಿಲ್ಲ, ಪಾಸ್‌ವರ್ಡೂ ಗೋಡೆಯ ಮೇಲೆ ಹಾಗೇ ಇದೆ.

ಇನ್ನು ನನ್ನ ಅಕ್ಕ. ಹೊಲಿಗೆ ಕಲಿಸುತ್ತಾಳೆ, ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. ಈಗ ಅವಳ ಶ್ವಾಸಕೋಶದಲ್ಲೊಂದು ಕಲೆ ಕಂಡಿದೆ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದರು: “ಹಳೇ ಚಿತ್ರ ಇದ್ದಿದ್ರೆ ಒಂದೇ ನೋಟಕ್ಕೆ ಹೇಳ್ತಿದ್ದೆ. ಆಗಲೂ ಇಷ್ಟೇ ಇತ್ತು ಅಂದ್ರೆ ಯಾವುದೋ ಹಳೇ ಗಾಯದ ಗುರುತು, ಮುಟ್ಟೋದೇ ಬೇಡ. ಬೆಳೆದಿದೆ ಅಂದ್ರೆ ತಕ್ಷಣ ಕೊಯ್ಯಬೇಕು. ಇವರ ಹೃದಯ ನೋಡಿದ್ರೆ, ಸುಮ್ಮಸುಮ್ಮನೆ ಕೊಯ್ಯೋಕೆ ನನಗೆ ಧೈರ್ಯ ಇಲ್ಲ.” ಹೊರಗೆ ಬಂದ ಮೇಲೆ ಅಕ್ಕ ಅಂದಳು, “ಹೋದ್ರೆ ಹೋಗ್ಲಿ ಬಿಡೋ, ಆ ಫೋಟೋದಲ್ಲಿ ನಾನೇನೂ ಚೆನ್ನಾಗಿರ್ಲಿಲ್ಲ.” ಮೆಟ್ಟಿಲಿಳಿಯುವಾಗ ಅವಳು ನನ್ನ ತೋಳು ಹಿಡಿದಿದ್ದಳು.

ನನ್ನದೊಂದು ಸಣ್ಣ ಪ್ರೆಸ್ಸು. ಗಿರಾಕಿಗಳು ದಿನವೂ ಇಂಥ ಗಂಟುಗಳನ್ನು ಕಳಿಸುತ್ತಾರೆ. ಬಿಚ್ಚುವ ಮೊದಲು ಒಳಗೆ ಏನೇನಿದೆ ಎಂದು ಬರೀ ಹೆಸರುಗಳನ್ನು ನೋಡುತ್ತೇವೆ, ಬಿಚ್ಚದೆಯೇ ನೋಡಬಹುದು. ಯಾವುದಾದರೂ ಕಡತ ನಾವು ಕೊಟ್ಟ ಜಾಗ ಬಿಟ್ಟು ಬೇರೆಡೆ ನುಗ್ಗುವ ವಿಳಾಸ ಹೊತ್ತಿದ್ದರೆ ಗಂಟು ಕಳಿಸಿದವರಿಗೇ ವಾಪಸ್. ಇಲ್ಲವಾದರೆ ಒಂದು ಖಾಲಿ ಫೋಲ್ಡರಿನಲ್ಲಿ, ಯಾವ ಅಧಿಕಾರವೂ ಇಲ್ಲದ ಸಾಮಾನ್ಯ ಖಾತೆಯಿಂದ, ನಾವೇ ಬಿಚ್ಚುತ್ತೇವೆ. ಸ್ಕ್ರಿಪ್ಟ್ ಇದ್ದರೆ ಓದುತ್ತೇವೆಯೇ ಹೊರತು ಓಡಿಸುವುದಿಲ್ಲ. ಇದೇನು ಬ್ರಹ್ಮವಿದ್ಯೆಯಲ್ಲ, ಹಲ್ಲುಜ್ಜುವಷ್ಟೇ ಹೊತ್ತು ಹಿಡಿಯುತ್ತದೆ. ವಿಸಿಟಿಂಗ್ ಕಾರ್ಡಿಗೆ ನಾವು ಕೊಡುವ ಮರ್ಯಾದೆಯನ್ನು ಜನರ ಎದೆಗೂಡಿನ ಚಿತ್ರಕ್ಕೆ ನೀವು ಕೊಡಬಾರದೇ?

ಹಳೇ ಆಸ್ಪತ್ರೆಯ ಸ್ಕ್ಯಾನ್ ಕೋಣೆಯವನಿಗೆ ನಿನ್ನೆ ಫೋನ್ ಮಾಡಿದೆ. ಒಳ್ಳೆಯ ಮನುಷ್ಯ. “ಅಕ್ಕೋರ ಚಿತ್ರ ಇದೆ ಸರ್, ಈಗಷ್ಟೇ ನೋಡ್ದೆ. ಆದ್ರೆ ಮೇಲಿನಿಂದ ಅನುಮತಿ ಬರದೆ ಕೊಡೋ ಹಾಗಿಲ್ಲ” ಎಂದ. ಅನುಮತಿ ಕೇಳಿದ ನನ್ನ ಅರ್ಜಿ ನಿಮ್ಮಲ್ಲಿ ‘ಪರಿಶೀಲನೆಯಲ್ಲಿದೆ’. ಹಾಗಾದರೆ ಸೋಮವಾರದ ಗಂಟನ್ನಾದರೂ ಓಡಿಸಬೇಡಪ್ಪಾ, ಮೊದಲು ತೆರೆದು ಓದು, ನಿನಗೆ ಕೈ ಮುಗಿಯುತ್ತೇನೆ ಎಂದೆ. ಅವನು ನಕ್ಕುಬಿಟ್ಟ.

“ಅಯ್ಯೋ, ಕೆಂಪು ಚುಕ್ಕೆ ಬಿದ್ರೆ ಯಾರು ಉತ್ರ ಕೊಡ್ತಾರೆ ಸರ್? ಹೋದ ತಿಂಗಳು ಅವ್ರಿಗೆ ಶಾಭಾಸ್‌ಗಿರಿ ಸಿಕ್ತಲ್ಲ, ಈ ಸಲ ನಾವೇ ಫಸ್ಟ್. ನೋಡ್ತಾ ಇರಿ, ಬಾಗ್ಲು ತೆಗೆಯೋ ಮುಂಚೇನೇ ಬಂದು ಕೂತಿರ್ತೀನಿ.”

ಆದ್ದರಿಂದ ಮಾನ್ಯರೇ, ಇವತ್ತೇ ಎಲ್ಲ ಆಸ್ಪತ್ರೆಗಳಿಗೂ ಒಂದು ಸಾಲು ಬರೆಯಿರಿ: ನಾಳೆ ನಮ್ಮಿಂದ ಯಾವ ಗಂಟೂ ಬರುವುದಿಲ್ಲ, ಬಂದರೆ ಅದು ನಮ್ಮದಲ್ಲ, ಯಾರೂ ಓಡಿಸಬೇಡಿ. ಆ ಚುಕ್ಕೆಗಳನ್ನು ಕಿತ್ತುಹಾಕಿ. ನನ್ನ ಅಕ್ಕನ ಚಿತ್ರವನ್ನು ನನಗೆ ಕೊಡಿಸಿ. ನೀವು ಈ ಪತ್ರ ಓದುವ ಹೊತ್ತಿಗೆ ಆ ಒಳ್ಳೆಯ ಮನುಷ್ಯ ನಾಳೆಗೆಂದು ಬಟ್ಟೆ ಇಸ್ತ್ರಿ ಮಾಡಿಟ್ಟುಕೊಳ್ಳುತ್ತಿರುತ್ತಾನೆ.

ಇಂತಿ,
ಹಸಿರು ಚುಕ್ಕೆಗೆ ಹೆದರಿ ಕುಳಿತಿರುವ
ಒಬ್ಬ ತಮ್ಮ