ಜಡೆಯ ತುದಿ

೧೧ ಫೆಬ್ರವರಿ ೧೯೪೯, ಶುಕ್ರವಾರ. ಬೀದರ.

ಇವತ್ತು ನಾನು ತಪ್ಪು ಮಾಡಿದೆನೇ? ಗೊತ್ತಾಗುತ್ತಿಲ್ಲ.

ನಿಜಾಮನ ಮೇಲೆ ಪೊಲೀಸ್ ಆಕ್ಷನ್ ಆದ ವಾರ ಭಾಲ್ಕಿ ಕಡೆಯ ಹಳ್ಳಿಯಿಂದ ಓಡಿ ಬಂದ ಮುನವ್ವರ ಬೇಗಂ ನಮ್ಮ ನಿರಾಶ್ರಿತರ ಶಿಬಿರದಲ್ಲಿ ಐದು ತಿಂಗಳಿಂದ ಮಾತೇ ಆಡಿರಲಿಲ್ಲ. ಆ ಗಲಭೆಯಲ್ಲಿ ಬಾವಿಗೆ ಹಾರಿ ಸತ್ತಳೆಂದು ಅವಳ ಊರಿನವರು ಹೇಳುವ ಮಗಳ ಜಡೆಯನ್ನು ದಿನಾ ಸಂಜೆ ಬರಿಗಾಳಿಯಲ್ಲಿ ಹೆಣೆಯುತ್ತಾಳೆ. ಇಂಥವರ ಹತ್ತಿರ ಕೂತು ಕೇಳುವುದಷ್ಟೇ ನನ್ನ ಕೆಲಸ. "ಇಲ್ಲದ್ದು ಅವರಿಗೆ ಕಂಡ್ರ ಹೌದು ಅನ್ನಬ್ಯಾಡ್ರಿ, ಅಲ್ಲ ಅಂತನೂ ಅನ್ನಬ್ಯಾಡ್ರಿ. ಅವರಾಗೇ ಹೇಳಲಿ" ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು.

ಇವತ್ತು ಅವಳಾಗೇ ಮಾತಾಡಿದಳು.

"ಜರಾ ತುದಿ ಹಿಡೀರಿ ಅಕ್ಕಾ. ರಿಬ್ಬನ್ ತರ್ತೇನಿ."

ಆ ಖುಷಿಯಲ್ಲಿ ಡಾಕ್ಟರ ಮಾತು ಮರೆತೇಹೋಯಿತು. ಎಡಗೈ ಚಾಚಿ ಎರಡು ಬೆರಳು ಜೋಡಿಸಿದೆ.

"ಗಟ್ಟಿ ಹಿಡೀರಿ. ಒದ್ದಿ ಕೂದಲ, ಜಾರತದ."

ಎದ್ದು ಹೋದವಳು ಚಾಪೆಯ ಮೇಲೆ ಮಲಗಿ ಗಾಢ ನಿದ್ದೆಗೆ ಜಾರಿದಳು. ಅವಳು ಹಾಗೆ ಮಲಗಿದ್ದನ್ನು ಒಂದು ದಿನವೂ ನೋಡಿರಲಿಲ್ಲ. ರಿಬ್ಬನ್ ತರಲೇ ಇಲ್ಲ.

ಮನೆಗೆ ಬಂದೆ. ರೊಟ್ಟಿಯನ್ನು ಬಲಗೈಯೊಂದರಲ್ಲೇ ಮುರಿದು ತಿಂದೆ. ದೀಪ ಹಚ್ಚಲು ಅವ್ವನನ್ನು ಕರೆದೆ. ಎಡಗೈಯ ಆ ಎರಡು ಬೆರಳನ್ನು ಇನ್ನೂ ಬಿಡಿಸಿಲ್ಲ. ಬಿಡಿಸಬಹುದು, ಅಲ್ಲಿ ಏನೂ ಇಲ್ಲ. ಆದರೂ ಬೆರಳ ಸಂದು ಒದ್ದೆಯಾಗಿದೆ.