ಸ್ವಲ್ಪ ಎಕೋ ಕೊಡು

ಮಾರ್ಚ್ 3, ಭಾನುವಾರ

ಎಡಗಡೆಯ ಸ್ಪೀಕರ್ ಮತ್ತೆ ಗೊರಗೊರ. ಕೇಬಲ್ ಬಿಚ್ಚಿ, ತುದಿ ಉಜ್ಜಿ, ಹಾಕಿದೆ. ಸರಿಹೋಯಿತು. ಮುಂದಿನ ವಾರ ಮತ್ತೆ ಕೈ ಕೊಡುತ್ತದೆ, ಅದರ ಬುದ್ಧಿ ನನಗೆ ಗೊತ್ತು.

ಅಣ್ಣನ ಭಾನುವಾರದ ಭಾಷಣ ಇವತ್ತೂ ಅದೇ. ಕಷ್ಟ, ಸುಖ, ಆತ್ಮದ ಬೆಳವಣಿಗೆ. ಹಾಲ್ ತುಂಬಿತ್ತು. ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದಾಗ ಇವನ ಮಾತಿಗೆ ಮಕ್ಕಳು ತೂಕಡಿಸುತ್ತಿದ್ದವು. ಈಗ ದೊಡ್ಡವರು ಕಣ್ಣೊರೆಸಿಕೊಳ್ಳುತ್ತಾರೆ. ಊರಿಗೆಲ್ಲ ಮೇಷ್ಟ್ರು. ನನಗೆ ಅಣ್ಣ. ನಾನು ಕೊನೆಯ ಸಾಲಿನ ಹಿಂದೆ, ಸೌಂಡ್ ಮಿಕ್ಸರ್ ಮುಂದೆ, ಕಿವಿಗೆ ಹೆಡ್‌ಫೋನ್.

ಶುರುವಿಗೆ ಮೊದಲು ಬಂದು ಎಂದಿನಂತೆ ಪಿಸುಗುಟ್ಟಿದ. "ನಾನು ಕನ್ನಡಕ ತೆಗೆದಾಗ ಸ್ವಲ್ಪ ಎಕೋ ಕೊಡು. ಜಾಸ್ತಿ ಬೇಡ ಕಣೋ, ಬಾವಿಯಿಂದ ಮಾತಾಡ್ದಂಗೆ ಆಗ್ಬಾರ್ದು."

ತೆಗೆದ. ಕೊಟ್ಟೆ. ಜನ ಕರಗಿ ನೀರಾದರು.

ಕಷ್ಟ ಮನುಷ್ಯನನ್ನು ಬೆಳೆಸುತ್ತದಂತೆ. ಈ ಎರಡು ವರ್ಷದಲ್ಲಿ ನನ್ನಲ್ಲಿ ಬೆಳೆದದ್ದು ಗಡ್ಡ ಒಂದೇ. ಮಗಳು ಪಿಟ್ಟಿ ತೀರಿಹೋದ ಮೇಲೆ ಇವಳು, ನನ್ನ ಹೆಂಡತಿ, ನಾಲ್ಕು ಜನ ಸೇರುವ ಕಡೆ ಕಾಲಿಡುವುದನ್ನೇ ಬಿಟ್ಟಿದ್ದಾಳೆ.

ಮಾರ್ಚ್ 10, ಭಾನುವಾರ, ಬೆಳಗ್ಗೆ

ತಿಂಡಿ ತಿನ್ನುವಾಗ ಇವಳು, "ನಾನೂ ಬರ್ತೀನಿ ರೀ," ಎಂದಳು. ತುತ್ತು ಕೈಯಲ್ಲೇ ಉಳಿಯಿತು. ಏನೂ ಆಗದವನಂತೆ "ಹ್ಞೂಂ, ಬಾ" ಎಂದೆ.

ಖುಷಿ. ಬಚ್ಚಿಡುವುದೇಕೆ, ಬಹಳ ಖುಷಿ. ಅವಳಿಗೆ ಚೆನ್ನಾಗಿ ಕೇಳಬೇಕು. ಹೊಸ ಕೇಬಲ್ಲನ್ನೇ ತೆಗೆದಿಟ್ಟಿದ್ದೇನೆ.

ಅದೇ ದಿನ, ಸಂಜೆ

ಬರೆಯುವುದೇ ಬೇಡ ಎನಿಸಿತ್ತು. ಆದರೂ ಬರೆಯುತ್ತೇನೆ.

ಅಣ್ಣ ಮಾತಿನ ನಡುವೆ ನಿಂತ. ಕನ್ನಡಕ ತೆಗೆದ. ಅಭ್ಯಾಸಬಲ — ಎಕೋ ಕೊಟ್ಟೆ. ಆಮೇಲೆ ಹೆಡ್‌ಫೋನಿನಲ್ಲಿ, ನೇರ ಕಿವಿಯೊಳಗೆ: "ನಮ್ಮ ಮನೇಲೂ ಒಂದು ಮಗು ಇತ್ತು. ಏಳು ವರ್ಷ. ಪಿಟಿಪಿಟಿ ಅಂತ ಮಾತಾಡ್ತಿತ್ತು, ಅದಕ್ಕೇ ಪಿಟ್ಟಿ ಅಂತಿದ್ವಿ. ಕೊನೇ ಗಳಿಗೇಲಿ ನಾನು ಆ ಮಗು ಪಕ್ಕದಲ್ಲೇ ಇದ್ದೆ. ಕಣ್ಣು ಬಿಟ್ಟು ಏನಂತು ಗೊತ್ತಾ? ಅಪ್ಪಾ, ಬೆಳಕು ಕಾಣಿಸ್ತಿದೆ... ಅಂತು."

ಸುಳ್ಳು. ಇವನು ಅಲ್ಲಿರಲೇ ಇಲ್ಲ. ಆಸ್ಪತ್ರೆಯಲ್ಲಿ ಅವಳ ಪಕ್ಕ ಇದ್ದವನು ನಾನೊಬ್ಬ. ಇವಳು ಫ್ಲಾಸ್ಕಿಗೆ ಬಿಸಿನೀರು ತರಲು ಕೆಳಗೆ ಹೋಗಿದ್ದಳು. ಪಕ್ಕದ ಮಂಚದ ಮೆಷಿನ್ ಕುಂಯ್ ಕುಂಯ್ ಎಂದು ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಪಿಟ್ಟಿ ಕಣ್ಣು ಮುಚ್ಚಿಕೊಂಡೇ, "ಅಪ್ಪಾ, ಸೌಂಡ್ ಕಡಿಮೆ ಮಾಡು," ಎಂದಳು. ಮನೆಯಲ್ಲಿ ನಾನು ಸ್ಪೀಕರ್ ರಿಪೇರಿಗೆ ಕೂತಾಗಲೆಲ್ಲ ಹೇಳುತ್ತಿದ್ದ ಮಾತು. ಹೊಟ್ಟೆಪಾಡೇ ಸೌಂಡು, ಆದರೆ ಆ ಮೆಷಿನ್ನಿನಲ್ಲಿ ವಾಲ್ಯೂಮ್ ಎಲ್ಲಿದೆ ಎಂದು ಸಿಗಲಿಲ್ಲ. ನರ್ಸ್, "ಅದನ್ನ ಮುಟ್ಬೇಡಿ," ಎಂದರು. ತಿರುಗಿ ನೋಡುವಷ್ಟರಲ್ಲಿ...

ಇವಳಿಗೆ, ನಿದ್ದೆಯಲ್ಲೇ ಹೋದಳು ಎಂದಿದ್ದೆ. ನಿಜ ಹೇಳಿದ್ದು ಒಬ್ಬನಿಗೆ. ಸ್ಪೀಕರ್ ಇಳಿಸಲು ಅಣ್ಣ ಕೈ ಹಾಕಿದ್ದ ಒಂದು ಸಂಜೆ, ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಬೆನ್ನು ಸವರಿದ. ಒಡಹುಟ್ಟಿದವನಲ್ಲವೇ ಎಂದುಕೊಂಡೆ.

ಅವನ ಆ ಸುಳ್ಳಿಗೆ ಇವತ್ತು ನಾನೇ ಎಕೋ ಕೊಟ್ಟೆ.

ಮಾರ್ಚ್ 11, ಸೋಮವಾರ

ನಿನ್ನೆ ಬಸ್ಸಿನಲ್ಲಿ ಇವಳು ನನ್ನ ತೋಳು ಹಿಡಿದೇ ಕೂತಿದ್ದಳು. "ಬೆಳಕು ಅಂದ್ಲಾ ರೀ? ಯಾಕೆ ನನ್ನ ಹತ್ರ ಹೇಳ್ಲಿಲ್ಲ?" ತಲೆ ಆಡಿಸಿದೆ. ಹೌದು ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ಹೌದು ಎಂದೇ ತಿಳಿದಳು. "ಅಷ್ಟೊತ್ತಿಗೆ ನೀರಿಗೆ ಹೋಗ್ಬಿಟ್ನಲ್ಲಾ ಅಂತ ಒಳಗೊಳಗೇ ಸಾಯ್ತಿದ್ದೆ. ಹೆದರ್ಕೊಂಡು ಹೋಗ್ಲಿಲ್ಲ ಅಲ್ವಾ ಅವಳು? ಅಷ್ಟು ಸಾಕು ನನಗೆ."

ಇವತ್ತು ಬೆಳಗ್ಗೆ ಎದ್ದರೆ ಪಿಟ್ಟಿಯ ಕೋಣೆಯ ಕಿಟಕಿ ತೆರೆದಿತ್ತು. ಇವಳು ಗಾಜು ಒರೆಸುತ್ತಿದ್ದಳು. ಏನೋ ಗುನುಗುತ್ತ.

ಯಾವ ಬಾಯಿಯಿಂದ ಹೇಳಲಿ?

ಮಾರ್ಚ್ 13, ಬುಧವಾರ

ಅಣ್ಣನ ಮನೆಗೆ ಹೋದೆ. ಚಪ್ಪಲಿಯನ್ನೂ ಬಿಡಲಿಲ್ಲ.

"ನಂಬಿ ಹೇಳಿದ್ದೆ ನಿನಗೆ."

"ಹೆಸರು ಹಾಳು ಮಾಡಿದ್ನೇನೋ? ಮಗೂನ ದೊಡ್ಡದು ಮಾಡ್ದೆ."

"ನೀನು ಅಲ್ಲಿರಲಿಲ್ಲ. ಅವಳು ಹಾಗೆ ಅನ್ನಲೂ ಇಲ್ಲ."

ಕನ್ನಡಕ ಒರೆಸಿದ. "ಸೌಂಡ್ ಕಡಿಮೆ ಮಾಡು ಅಂತ ಹೇಳಿದ್ರೆ ಯಾರಿಗೆ ಏನು ಸಿಗತ್ತೆ, ಹೇಳು. ನಿನ್ನ ಹೆಂಡ್ತೀನ ನೋಡು. ಮುಖದಲ್ಲಿ ಕಳೆ ಬಂದಿದೆ. ಎರಡು ವರ್ಷದಲ್ಲಿ ನಿನ್ನ ಕೈಲಾಗದ್ದು ನನ್ನ ಒಂದು ಮಾತಿಂದ ಆಯ್ತು. ಹೋಗಿ ಕಿತ್ಕೋ, ಧೈರ್ಯ ಇದ್ರೆ."

ಅವನ ಮುಖದ ಮೇಲೆ ಒಂದು ಬಾರಿಸಬೇಕಿತ್ತು. ಅತ್ತಿಗೆ ನೀರು ತಂದರು, ಕುಡಿದು ಬಂದೆ.

ಮಾರ್ಚ್ 21, ಗುರುವಾರ

ಹದಿನೇಳರ ಭಾನುವಾರ ಜ್ವರ ಎಂದು ಮಲಗಿದೆ. ಇವಳು ಒಬ್ಬಳೇ ಹೋಗಿ ಬಂದಳು. ನಾನಿಲ್ಲದೆ ಸ್ಪೀಕರ್ ಇಡೀ ಹೊತ್ತು ಗೊರಗೊರ ಎಂದಿತಂತೆ. ಒಳ್ಳೆಯದಾಯಿತು.

ಬರುವ ಭಾನುವಾರ ಇವಳು ವೇದಿಕೆ ಹತ್ತಬೇಕಂತೆ. "ಭಾವ ಹೇಳಿದ್ರು, ನಾಲ್ಕೇ ಮಾತು ಸಾಕಂತೆ." ತಲೆ ಬಾಚುತ್ತ ಕನ್ನಡಿಯ ಮುಂದೆ ಹೇಳಿ ನೋಡಿಕೊಳ್ಳುತ್ತಾಳೆ. ಅಪ್ಪಾ, ಬೆಳಕು ಕಾಣಿಸ್ತಿದೆ. ದಿನಕ್ಕೆಷ್ಟು ಸಲವೋ. ಪಿಟ್ಟಿಯ ದನಿ ನನಗೆ ಈಗ ನೆನಪಿಗೇ ಬರುತ್ತಿಲ್ಲ. ನೆನೆಯಲು ಹೋದರೆ ಅಣ್ಣನ ದನಿ ಬರುತ್ತದೆ, ಎಕೋ ಸಮೇತ.

ಆ ಒಂದು ಮಾತೇ ನನ್ನ ಪಾಲಿಗೆ ಉಳಿದಿದ್ದ ಮಗು. ಅದನ್ನೂ ಕದ್ದ.

ಮಾರ್ಚ್ 23, ಶನಿವಾರ

ಹೇಳಿಬಿಟ್ಟೆ.

ಬಟ್ಟೆ ಮಡಚುತ್ತಿದ್ದಳು. ಮೆಷಿನ್, ಕುಂಯ್ ಕುಂಯ್, ನರ್ಸ್, ಎಲ್ಲ ಹೇಳಿದೆ. ಮಡಚುವುದನ್ನು ನಿಲ್ಲಿಸಲಿಲ್ಲ. ಕೊನೆಗೆ, ನನ್ನ ಕಡೆ ನೋಡದೆ: "ಭಾವಂಗೆ ಯಾವಾಗ ಹೇಳಿದ್ರಿ?"

"ಅವಳು ನಮ್ಮನ್ನ ಬಿಟ್ಟು ಹೋದ್ಮೇಲೆ, ಆ ಮಳೆಗಾಲದಲ್ಲಿ."

"ಅವರಿಗೆ ಹೇಳಿದ್ರಿ."

ಕೈಯಲ್ಲಿದ್ದ ಅಂಗಿ ಮಡಚಿಟ್ಟಳು.

"ಹೆತ್ತೋಳು ನಾನು. ಒಂದೇ ಮನೇಲಿ, ಒಂದೇ ತಟ್ಟೇಲಿ ಅನ್ನ ಕಲಸ್ಕೊಂಡು ತಿಂದ ಹಾಗೆ ಇದ್ವಿ ಅಂದ್ಕೊಂಡಿದ್ದೆ. ಅವಳ ಮಾತು ನನಗೆ ಕೊಡ್ಲಿಲ್ಲ ನೀವು. ಅವರಾದ್ರೂ ಸುಳ್ಳನ್ನ ಕೊಟ್ರು."

ಅಣ್ಣನ ಮೇಲೆ ಹೊರಿಸಲು ಇಟ್ಟುಕೊಂಡಿದ್ದ ಮಾತು ಯಾವುದೂ ಕೆಲಸಕ್ಕೆ ಬರಲಿಲ್ಲ. ದ್ರೋಹ ದ್ರೋಹ ಎಂದು ಎರಡು ವಾರದಿಂದ ಕುದಿಯುತ್ತಿದ್ದೆ. ಇವಳ ಕಡೆಯಿಂದ ಒಮ್ಮೆಯೂ ಎಣಿಸಿ ನೋಡಿರಲಿಲ್ಲ.

ಪಿಟ್ಟಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾಳೆ ಬರುತ್ತಾಳೋ ಇಲ್ಲವೋ ಗೊತ್ತಿಲ್ಲ.

ಮಾರ್ಚ್ 24, ಭಾನುವಾರ, ಸಂಜೆ

ಬಂದಳು. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು.

ಅಣ್ಣ ಕರೆದ. ವೇದಿಕೆ ಹತ್ತಿದಳು. ಅವನು ಮೈಕನ್ನು ಇವಳ ಎತ್ತರಕ್ಕೆ ಬಗ್ಗಿಸಿದ, ಅದು ಕುಂಯ್ ಎಂದಿತು. ನನ್ನ ಕೈ ಮಿಕ್ಸರ್ ಮೇಲೆ. ಬೆಳಕು ಎಂದುಬಿಟ್ಟರೆ ಏನು ಮಾಡಲಿ? ಆಫ್ ಮಾಡಿಬಿಡಲೇ? ಮಾಡುವ ಹಕ್ಕು ನನಗಿದೆಯೇ? ಇವಳು ಮೈಕ್ ಹಿಡಿದಳು. ಅಷ್ಟೂ ತಲೆಗಳ ಮೇಲಿಂದ ನನ್ನನ್ನೇ ನೋಡಿದಳು.

"ಅಪ್ಪಾ... ಸೌಂಡ್ ಕಡಿಮೆ ಮಾಡು."

ಜನ ನಕ್ಕರು. ಮೈಕಿನ ಕಾಟಕ್ಕೆ 'ಅಪ್ಪಾ' ಎಂದು ಬೇಸತ್ತಳು ಎಂದುಕೊಂಡರು. ಮುಂದಿನ ಸಾಲಿನ ಮುದುಕರೊಬ್ಬರು ನನ್ನ ಕಡೆ ತಿರುಗಿ, "ಕೇಳಿಸ್ಲಿಲ್ವೇನಪ್ಪಾ? ಕಡಿಮೆ ಮಾಡು!" ಎಂದು ಗದರಿದರು.

ನಗದೆ ಇದ್ದವರು ಮೂವರೇ. ಅಣ್ಣನ ಮುಖ ಬಿಳುಚಿತು. ಕನ್ನಡಕ ತೆಗೆದ. ಅಭ್ಯಾಸಕ್ಕೋ, ಕಣ್ಣೊರೆಸಲೋ, ಗೊತ್ತಿಲ್ಲ. ಎಕೋ ಕೊಡಲಿಲ್ಲ.

ಕಡಿಮೆ ಮಾಡಿದೆ. ಮೆಲ್ಲಗೆ, ಪೂರ್ತಿ ಕೆಳಗಿನ ತನಕ. ಅವತ್ತು ಆಗದ್ದು ಇವತ್ತು ಆಯಿತು. ಇವಳು ಇಳಿದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. ವೇದಿಕೆಯ ಮೇಲೆ ಅಣ್ಣನ ಬಾಯಿ ಆಡುತ್ತಿತ್ತು. ಏನು ಹೇಳಿದನೋ ಯಾರಿಗೂ ಕೇಳಿಸಲಿಲ್ಲ.

ಮನೆಗೆ ಬಂದ ಮೇಲೆ ಇವಳು: "ನಿಮ್ಮನ್ನ ಕ್ಷಮಿಸಿಲ್ಲ. ತಿಳ್ಕೊಳ್ಳಿ."

"ಹ್ಞೂಂ."

ಚೀಲವನ್ನು ಗೂಟಕ್ಕೆ ಸಿಕ್ಕಿಸಿ: "ನಾನು ಹೇಳಿದ್ದು ಸರಿ ಇತ್ತಾ? ಹಾಗೇ ಹೇಳಿದ್ಲಾ ಅವಳು?"

"ಕೊನೇಲಿ ಸ್ವಲ್ಪ ಎಳೆದ್ಲು. ಮಾಡೂ... ಅಂತ."

ಈಗ ಅಡುಗೆಮನೆಯಲ್ಲಿ ಹೇಳಿ ನೋಡುತ್ತಿದ್ದಾಳೆ. ಪಾತ್ರೆ ತೊಳೆಯುತ್ತ, ನಿಲ್ಲಿಸಿ, ಮತ್ತೆ. ಇನ್ನೂ ಸರಿಯಾಗಿಲ್ಲ. ಮತ್ತೆ. ಈ ಸಲ ಬಂತು — ಪಿಟ್ಟಿಯದೇ ದನಿ. ಇವಳಿಗೂ ಗೊತ್ತಾಗಿದೆ. ನಲ್ಲಿ ನಿಲ್ಲಿಸಿದಳು. ಕರೆಯುತ್ತಿದ್ದಾಳೆ, ನಾನು ಹೋಗಬೇಕು.